ಮಡಲಿನ ಕೋಣೆಯನ್ನು ಅಳೆದದ್ದು

ಮೊನ್ನೆ ಕಾರವಾರಕ್ಕೆ ಹೋದಾಗ ನೀವಿಬ್ಬರೂ ಆ ಓಣಿಯ ಗಟಾರದ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದಿರಿ. ಮೂರನೇ ಮನೆಯ ಎದುರು ಚಿಕ್ಕವಳು ನಿಂತು, "ಅಜ್ಜಿ, ಇಲ್ಲೀವರೆಗೆ ಕಲ್ಲು, ಇಲ್ಲಿಂದ ಸಿಮೆಂಟು. ಎಂತಕ್ಕೆ?" ಎಂದು ಕೇಳಿದಳು. "ದುಡ್ಡು ಮುಗೀತು, ಆಮೇಲೆ ಮತ್ತೆ ಬಂತು" ಎಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿಂದಲೂ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಭಾವಿಕೇರಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದುತ್ತಾಳೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ನಿಮ್ಮ ಅಜ್ಜ ಪೇಟೆಯ ಘರಪಟ್ಟಿ ಕಚೇರಿಯಲ್ಲಿ ಜವಾನರಾಗಿದ್ದರು. ಮನೆಗಳ ಮೇಲೆ ಹಾಕುವ ತೆರಿಗೆಗೆ ನಮ್ಮ ಕಡೆ ಘರಪಟ್ಟಿ ಎನ್ನುತ್ತಾರೆ. ಆ ಓಣಿಯ ಕೊನೆಯಲ್ಲಿ ನಾಲ್ಕು ಕೋಣೆಗಳ ಒಂದು ಸಾಲಿತ್ತು. ಅದರಲ್ಲಿ ಎರಡನೆಯದು ನಮ್ಮದು. ನಿಮ್ಮ ಅಜ್ಜನಿಗೆ ಕಾಮಾಲೆಯಾಯಿತು. ಆಸ್ಪತ್ರೆಯಿಂದ ಅವರ್ಸಾಕ್ಕೆ, ಅವರ ಅಣ್ಣನ ಮನೆಗೆ ಕರೆದುಕೊಂಡು ಹೋದೆವು. ಆಷಾಢದ ಮಳೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲನ್ನು, ಅಂದರೆ ಸೋಗೆಯನ್ನು, ಹೆಣೆದು ತಟ್ಟಿ ಮಾಡಿ, ಜಗಲಿಯ ಸುತ್ತ ಕಂಬದಿಂದ ಕಂಬಕ್ಕೆ ಕಟ್ಟಿಬಿಡುತ್ತಾರೆ. ಇರಚಲು ಒಳಗೆ ಬರಬಾರದು ಎಂದು. ನಾಲ್ಕು ತಿಂಗಳು ಅದು ಒಂದು ಕೋಣೆಯೇ. ಸೌದೆ ಅಲ್ಲಿ, ಒದ್ದೆ ಬಟ್ಟೆ ಅಲ್ಲಿ, ಬಂದ ನೆಂಟರ ಹಾಸಿಗೆಯೂ ಅಲ್ಲೇ. ಒಳಮನೆಯಲ್ಲಿ ಹೊಗೆ ಎಂದು ಅವರನ್ನು ಆ ಕೋಣೆಯಲ್ಲಿ ಮಲಗಿಸಿದ್ದೆವು. ಹನ್ನೊಂದು ದಿನ ಇದ್ದರು. ಅಲ್ಲಿಯೇ ತೀರಿಕೊಂಡರು.

ಆಮೇಲಿನ ಕೆಲವು ತಿಂಗಳು ನನಗೆ ಸರಿಯಾಗಿ ನೆನಪಿಲ್ಲ. ದುಃಖವಾಗಿತ್ತೇ ಎಂದು ಕೇಳಿದರೆ ಹೇಳಲಾರೆ. ಕಾಲು ಮರಗಟ್ಟಿದಾಗ ಮುಟ್ಟಿ ನೋಡುತ್ತೇವಲ್ಲ, ಹಾಗೆ ನನ್ನನ್ನು ನಾನು ಮುಟ್ಟಿ ನೋಡುತ್ತಿದ್ದೆ. ಕೈಗೆ ಮೈ ಸಿಗುತ್ತಿತ್ತು, ಮೈಗೆ ಕೈ ಸಿಗುತ್ತಿರಲಿಲ್ಲ. ನೆನಪಿರುವುದು ಒಂದೇ. ದೀಪಾವಳಿಯ ಹೊತ್ತಿಗೆ ನನ್ನ ಓರಗಿತ್ತಿ ಎಲ್ಲ ವರ್ಷದಂತೆ ಮಡಲಿನ ತಟ್ಟಿ ಬಿಚ್ಚಿ ಬಚ್ಚಲ ಒಲೆಯ ಹತ್ತಿರ ರಾಶಿ ಹಾಕಿದರು. ನಾನು ಬಾಗಿಲಿಗೆ ಬಂದು ನೋಡಿದರೆ ಬಿಸಿಲು. ಕೋಣೆ ಇರಲಿಲ್ಲ.

"ಇಲ್ಲೇ ಇರು ತಂಗಿ. ಒಂದು ತುತ್ತು ಹೆಚ್ಚಾಗೂದಿಲ್ಲ" ಎಂದರು ಓರಗಿತ್ತಿ. ಮನಸಾರೆ ಹೇಳಿದ್ದು. ಆದರೆ ನಿಮ್ಮ ಅಮ್ಮ ಕಾರವಾರದ ಹೈಸ್ಕೂಲಿನಲ್ಲಿ ಎಂಟನೇ ತರಗತಿಯಲ್ಲಿದ್ದಳು. ಸಾಯುವ ಮೂರು ದಿನ ಮುಂಚೆ ನಿಮ್ಮ ಅಜ್ಜ ಹೇಳಿದ ಒಂದೇ ಸರಿಯಾದ ಮಾತು, "ಅವಳ ಶಾಲೆ ತಪ್ಪಿಸಬೇಡ" ಎಂದು. ಹಾಗಾಗಿ ಕಾರವಾರದ ಕೋಣೆಗೆ ವಾಪಸು ಬಂದೆ. ಮುಂದಿನ ವರ್ಷ ಅವರ ಕಚೇರಿಯಲ್ಲೇ ನನಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿತು. ಅವರು ಕೂರುತ್ತಿದ್ದ ಅದೇ ಸ್ಟೂಲು. ಅದರ ಒಂದು ಕಾಲು ಗಿಡ್ಡ, ಕೆಳಗೆ ಅವರು ಮಡಚಿ ಇಟ್ಟಿದ್ದ ರಟ್ಟು ಹಾಗೇ ಇತ್ತು.

ಸಾಲಿನ ಮೊದಲ ಕೋಣೆಯಲ್ಲೇ ಇದ್ದ, ನಮ್ಮ ಕೋಣೆಗಳ ಯಜಮಾನಿಯನ್ನು ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು. ಅವರಿಗೂ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮನೆಮಾತು ಕೊಂಕಣಿ. ನನ್ನ ಜೊತೆ ಕನ್ನಡ ಮಾತಾಡಿದರೂ ಕೊನೆಗೊಂದು 'ಗೋ' ಹಚ್ಚದಿದ್ದರೆ ಅವರಿಗೆ ಮಾತು ಮುಗಿದಂತಾಗುತ್ತಿರಲಿಲ್ಲ. ಬಾಡಿಗೆ ಕಡಿಮೆ, ಬೈಗುಳ ಜಾಸ್ತಿ. ನಾವು ಅವರ್ಸಾದಲ್ಲಿದ್ದ ಅಷ್ಟೂ ತಿಂಗಳು ನಮ್ಮ ಕೋಣೆಗೆ ಬೀಗ ಹಾಕಿ, ಬೇರೆಯವರಿಗೆ ಕೊಡದೆ ಇಟ್ಟಿದ್ದರು. ಕೇಳಿದರೆ, "ನಿನ್ನ ಗಂಡನ ಸೈಕಲ್ ಒಳಗೆ ಅದೆ. ಅದನ್ನು ಹೊರಗೆ ಹಾಕುವವರು ಯಾರು ಗೋ?" ಎಂದರು. ಒಂದು ದಿನ ಅವರು ಕೊಟ್ಟ ತಾರ್ಲೆ ಮೀನಿನ ಸಾರನ್ನು ಮುಳ್ಳು ಸಮೇತ ಉಂಡುಬಿಟ್ಟೆ. ನೋಡುತ್ತಾ ನಿಂತಿದ್ದರು. ಬೈಯಲಿಲ್ಲ. ಮರುದಿನದಿಂದ ಮುಳ್ಳು ಬಿಡಿಸಿ ಕೊಡತೊಡಗಿದರು.

ಆ ಓಣಿ ತಗ್ಗು. ಮಳೆಗಾಲದಲ್ಲಿ ಮೇಲಿನ ರಸ್ತೆಯ ನೀರೆಲ್ಲ ಇಳಿದು ಬಂದು ನಮ್ಮ ಸಾಲಿನ ಹತ್ತಿರ ನಿಲ್ಲುತ್ತಿತ್ತು. ಜೋರು ಮಳೆಯ ದಿನ ಕೋಣೆಯೊಳಗೆ ಹಿಮ್ಮಡಿ ಮುಳುಗುವಷ್ಟು. ನಿಮ್ಮ ಅಮ್ಮ ಪುಸ್ತಕಗಳನ್ನು ಹಗ್ಗದ ಮೇಲೆ ಬಟ್ಟೆಯಂತೆ ಸಾಲಾಗಿ ಹಾಕಿ, ಮಂಚದ ಮೇಲೆ ಕಾಲು ಮಡಚಿ ಕೂತು ಓದುತ್ತಿದ್ದಳು. ಚಿರೆಕಲ್ಲಿನ ಗೋಡೆ, ಮಣ್ಣಿನ ಮೆತ್ತೆ. ವರ್ಷವರ್ಷವೂ ಬುಡ ಸ್ವಲ್ಪ ಸ್ವಲ್ಪ ಕರಗುತ್ತಿತ್ತು.

"ಇನ್ನು ಎರಡು ಮಳೆಗಾಲ, ಬಹಳಾದರೆ ಮೂರು" ಎಂದು ಬಾಯಿ ಗೋಡೆಗೆ ಬೆರಳು ಒತ್ತಿ ಹೇಳಿದರು. "ಗಟಾರ ಇಲ್ಲೀವರೆಗೆ ಬಂದರೆ ನಾನೂ ಉಳಿದೆ, ನೀವೂ ಉಳಿದ್ರಿ. ಬರದಿದ್ದರೆ ಗೋಡೆ ಬೀಳೂಕೆ ಮುಂಚೆ ಮಾರಿಬಿಡ್ತೆ. ಸತ್ತ ಮೇಲೆ ಬಾಡಿಗೆಯವರನ್ನು ಕೊಂದಳು ಅಂತ ಹೇಳಿಸ್ಕೊಳ್ಳೂಕೆ ನನಗಾಗೂದಿಲ್ಲ."

ಅಷ್ಟು ಬಾಡಿಗೆಗೆ ಕಾರವಾರದಲ್ಲಿ ಬೇರೆ ಕೋಣೆ ಸಿಗುತ್ತಿರಲಿಲ್ಲ. ಗಟಾರ ಬಂದರೆ ಕೋಣೆ, ಕೋಣೆ ಇದ್ದರೆ ನಿಮ್ಮ ಅಮ್ಮನ ಶಾಲೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಇಷ್ಟೇ. ಬೇರೇನೂ ಇರಲಿಲ್ಲ.

ಆ ವರ್ಷವೇ ಕಚೇರಿಗೆ ಹೊಸದೊಂದು ಯೋಜನೆ ಬಂತು. ಪೇಟೆಯ ಎಲ್ಲ ಕಡೆ ಅಲ್ಲ, ಪ್ರಯೋಗಕ್ಕೆಂದು ನಮ್ಮ ಓಣಿಗೆ ಮಾತ್ರ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು. ನಾವು ಏರಿಕೆ ನಿಧಿ ಎನ್ನುತ್ತಿದ್ದೆವು. ಓವರ್‌ಸೀಯರ್ ಸಾಹೇಬರು ನಕ್ಷೆ ಹಾಸಿ ಓಣಿಯ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅವರು ಬಿಜಾಪುರದ ಕಡೆಯವರು, ಬಂದು ಮೂರು ತಿಂಗಳಾಗಿತ್ತು. ನಾನು ಚಹಾ ಇಡಲು ಹೋದಾಗ ಗೆರೆಯೊಳಗೆ ಬಾಯಿಯ ನಾಲ್ಕು ಕೋಣೆ ಕಂಡವು. ಬೆಂಕಿಪೆಟ್ಟಿಗೆಯ ಅರ್ಧದಷ್ಟು.

"ನಿಮ್ಮನೀನೂ ಇದರಾಗ ಐತೇನವಾ?" ಎಂದು ಕೇಳಿದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಯೋಜನೆ ಏನೆಂದು ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು.

ಅದನ್ನು ನಾನು ಓಣಿಯ ಹೆಂಗಸರಿಗೆ ನನಗೆ ಬಂದ ಹಾಗೆ ಹೇಳಿದೆ. ನಮ್ಮ ಹಿತ್ತಲಲ್ಲಿ ತೆಂಗಿನ ಮರಗಳಿವೆ ಎಂದುಕೊಳ್ಳಿ. ಈ ವರ್ಷ ಇಷ್ಟು ಕಾಯಿ ಬಿತ್ತು ಎಂದು ಎಣಿಸಿ ಬರೆದಿಡುವುದು. ಮುಂದೆ ಎಷ್ಟೇ ವರ್ಷವಾದರೂ ಅಷ್ಟು ಕಾಯಿ ಮೊದಲಿನಂತೆ ಮನೆಖರ್ಚಿಗೆ. ಈಗ ಸಾಲ ತಂದು ಮರಕ್ಕೆ ಗೊಬ್ಬರ, ನೀರು ಹಾಕುವುದು. ಆಮೇಲೆ ಮೊದಲಿಗಿಂತ ಹೆಚ್ಚಿಗೆ ಬಿದ್ದ ಕಾಯಿ ಮಾತ್ರ ಬೇರೆ ಗುಡ್ಡೆ ಹಾಕಿ, ಆ ಸಾಲ ತೀರಿಸುವುದು, ಮತ್ತೆ ಗೊಬ್ಬರ ತರುವುದು. ಓಣಿಯ ಘರಪಟ್ಟಿಯೂ ಹಾಗೆ. ಈ ವರ್ಷ ಎಲ್ಲ ಮನೆ ಅಳೆದು, ಹೊಸ ನಿಯಮದಂತೆ ಎಷ್ಟು ಘರಪಟ್ಟಿ ಆಗಬೇಕೋ ಆ ಅಂಕಿಗೆ ಮೊಳೆ ಹೊಡೆಯುತ್ತಾರೆ. ಸದ್ಯಕ್ಕೆ ಯಾರೂ ಹೆಚ್ಚಿಗೆ ಕಟ್ಟಬೇಕಿಲ್ಲ. ಸಾಲ ತಂದು ಗಟಾರದ ಮೊದಲ ಅರ್ಧ ಮಾಡುತ್ತಾರೆ. ನೀರು ನಿಲ್ಲದಿದ್ದರೆ ಜನ ಮನೆ ದೊಡ್ಡದು ಮಾಡುತ್ತಾರೆ, ಅಂಗಡಿ ಹಾಕುತ್ತಾರೆ, ಘರಪಟ್ಟಿ ಏರುತ್ತದೆ. ಎರಡು ವರ್ಷದ ಮೇಲೆ ಮತ್ತೆ ಅಳೆದು, ಮೊಳೆಯಿಂದ ಮೇಲೆ ಏರಿದ್ದು ಕಂಡರೆ ಉಳಿದರ್ಧ ಗಟಾರಕ್ಕೆ ಸಾಲ ಸಿಗುತ್ತದೆ. ಆ ಏರಿಕೆಯ ಹಣ ಬೇರೆಲ್ಲೂ ಹೋಗದೆ ಈ ಓಣಿಗೇ.

ಬಾಯಿ ಅಕ್ಕಿ ಆರಿಸುತ್ತಾ ಕೇಳಿದರು. "ಅಂದರೆ ನಾವು ಮೊದಲು ದಪ್ಪ ಆಗಬೇಕು, ಆಮೇಲೆ ಅನ್ನ ಹಾಕ್ತಾರೆ?"

"ಅರ್ಧ ಅನ್ನ ಮೊದಲೇ ಹಾಕ್ತಾರೆ ಬಾಯಿ."

"ಅದನ್ನು ಉಂಡು ದಪ್ಪ ಆಗದಿದ್ದರೆ?"

"ಆಗ ಅಷ್ಟೇ."

"ನಮ್ಮ ಅತ್ತೆಯೂ ಹೀಗೇ ಇದ್ದಳು ಗೋ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಕೋಣೆಗಳು ಉಳಿದರ್ಧದಲ್ಲಿದ್ದವು.

ಅಳೆಯುವ ಕೆಲಸ ಆಷಾಢದಲ್ಲಿ ಬಂತು. ನಿಮ್ಮ ಅಜ್ಜ ತೀರಿಕೊಂಡು ಸರಿಯಾಗಿ ಒಂದು ವರ್ಷ. ವರ್ಷಾಂತಿಕಕ್ಕೆ ಅವರ್ಸಾಕ್ಕೆ ಹೋಗಿ ಬಂದ ಮೂರನೇ ದಿನ ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. ಬಿಡದೆ ಮಳೆ. ಗಂಡಸರು ಕೆಲಸಕ್ಕೆ ಹೋದ ಹೊತ್ತು, ಮನೆಯಲ್ಲಿ ಹೆಂಗಸರೇ. ಸಾಹೇಬರಿಗೆ ಒಳಗೆ ಬರಲು ಸಂಕೋಚ, ಅವರಿಗೆ ಕರೆಯಲು ಸಂಕೋಚ. ಅದಕ್ಕೆ ಸಾಹೇಬರು ಕೊಡೆ ಹಿಡಿದು ಓಣಿಯಲ್ಲೇ ನಿಲ್ಲುತ್ತಿದ್ದರು, ನಾನು ಒಳಗೆ ಹೋಗಿ ಅಳೆದು ಕೂಗಿ ಹೇಳುತ್ತಿದ್ದೆ. ನಾನು ಕೂಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮಳೆಯ ಸದ್ದಿಗೆ ಎರಡೆರಡು ಸಲ ಕೂಗಬೇಕಾಗುತ್ತಿತ್ತು.

"ಖೋಲಿ ಎಷ್ಟವಾ?"

"ಮೂರು ಸಾಹೇಬ್ರೆ."

"ಕಟ್ಟಿ? ತೆರದದ್ದೇನರ?"

"ತೆರೆದದ್ದು ಇಲ್ಲ."

ಜಗಲಿಗೆ ಅವರ ಕಡೆ ಕಟ್ಟಿ ಎನ್ನುತ್ತಾರೆ. ನಿಜವಾಗಿಯೂ ತೆರೆದದ್ದು ಇರಲಿಲ್ಲ. ಪ್ರತಿ ಮನೆಯ ಜಗಲಿಗೂ ಮಡಲಿನ ತಟ್ಟಿ ಕಟ್ಟಿತ್ತು. ಹೊರಗೆ ಕೊಡೆಯ ಕೆಳಗೆ ನಿಂತವರಿಗೆ ಅದು ಗೋಡೆಗೆ ಹೊದಿಸಿದ ಸೋಗೆಯಂತೆ ಕಂಡಿರಬೇಕು. ಒಳಗೆ ಸೌದೆ, ಹಾಸಿಗೆ, ಹಗ್ಗದ ಮೇಲೆ ಬಟ್ಟೆ, ಒಂದು ಮನೆಯಲ್ಲಿ ತೊಟ್ಟಿಲು. ನಾನು ಟೇಪು ಹಿಡಿದು ಈ ತಟ್ಟಿಯಿಂದ ಆ ತಟ್ಟಿಗೆ ಅಳೆದೆ. ಫಾರಮಿನಲ್ಲಿ ಎರಡು ಅಂಕಣವಿತ್ತು. ತೆರೆದ ಜಗಲಿ ಎಂದು ಒಂದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಚ್ಚಿದ ಕೋಣೆ ಎಂದು ಇನ್ನೊಂದು, ಅದಕ್ಕೆ ಪೂರ್ತಿ ಘರಪಟ್ಟಿ. ನಾನು ಎಲ್ಲವನ್ನೂ ಎರಡನೆಯದರಲ್ಲಿ ಹೇಳಿದೆ. ಬೇರೆ ರೀತಿ ಹೇಳಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಅದು ಕೋಣೆ. ಅದರೊಳಗೆ ಮನುಷ್ಯ ಹನ್ನೊಂದು ದಿನ ಮಲಗಬಹುದು.

ಬಾಯಿಯ ಮನೆಯಲ್ಲಿ ಅವರೇ ಟೇಪಿನ ಆಚೆ ತುದಿ ಹಿಡಿದರು. "ಇದು ನನ್ನ ಮಳೆಗಾಲದ ಕೋಣೆ, ಸರಿಯಾಗಿ ಬರಿ ಗೋ. ಒಂದು ಗೇಣೂ ಬಿಡಬೇಡ" ಎಂದರು. ನಾನು ಬಿಡಲಿಲ್ಲ.

ಬರೆದದ್ದಕ್ಕೆಲ್ಲ ಸಾಹೇಬರು ಸಹಿ ಹಾಕಿದರು. ಮನೆಯವರೂ ಹಾಕಿದರು. ಫಾರಮು ಮೇಲಿನವರಿಗೆ ಹೋಯಿತು, ಸಾಲ ಕೊಡುವವರಿಗೂ ಹೋಯಿತು. ಅಂಕಿಗೆ ಮೊಳೆ ಬಿತ್ತು.

ಮುಂದಿನ ಬೇಸಗೆಯಲ್ಲಿ ಗಟಾರದ ಕೆಲಸ ಶುರುವಾಯಿತು. ಮೇಲಿನ ರಸ್ತೆಯಿಂದ ಅಗೆದುಕೊಂಡು ಬಂದು, ಕಲ್ಲು ಕಟ್ಟಿ, ಮೇಲೆ ಹಾಸುಗಲ್ಲು ಹಾಕಿದರು. ಮೂರನೇ ಮನೆಯ ಎದುರು ನಿಂತಿತು. ಅಲ್ಲಿಂದ ನಮ್ಮ ಸಾಲಿಗೆ ಅರವತ್ತು ಹೆಜ್ಜೆ. ದಿನಾ ಸಂಜೆ ಕಚೇರಿಯಿಂದ ಬರುವಾಗ ಎಣಿಸುತ್ತಿದ್ದೆ. ಕಡಿಮೆಯಾಗಲಿ ಎಂದು ಎಣಿಸಿದ್ದಲ್ಲ. ಎಣಿಸುವಾಗ ಬೇರೆ ಯೋಚನೆ ಬರುತ್ತಿರಲಿಲ್ಲ.

ಓಣಿ ಸ್ವಲ್ಪ ಬೆಳೆಯಿತು ಕೂಡ. ಮೊದಲ ಮನೆಯವರು ಮೇಲೊಂದು ಕೋಣೆ ಕಟ್ಟಿದರು. ಎರಡನೆಯವರು ರಸ್ತೆಗೆ ಮುಖ ಮಾಡಿ ಒಂದು ಝೆರಾಕ್ಸ್ ಅಂಗಡಿ ತೆಗೆದರು. ನಮ್ಮ ಕಡೆ ಮಾತ್ರ ನೀರು ಮೊದಲಿಗಿಂತ ಜೋರಾಗಿ ಬಂತು. ಮೇಲಿನ ಗಟಾರದಲ್ಲಿ ಓಡಿ ಬಂದದ್ದು ಮೂರನೇ ಮನೆಯ ಹತ್ತಿರ ಹೊರಗೆ ಬಿದ್ದು ನಮ್ಮ ಬಾಗಿಲಿಗೇ. ಎರಡನೇ ಮಳೆಗಾಲದಲ್ಲಿ ಕೊನೆಯ ಕೋಣೆಯ ಗೋಡೆ ಹೊಟ್ಟೆ ಬಿಟ್ಟಿತು. ಅದರಲ್ಲಿದ್ದವರು ಬಿಟ್ಟು ಹೋದರು. ಬಾಯಿ ಅದಕ್ಕೆ ತೆಂಗಿನ ಕಾಂಡದ ಊರುಗೋಲು ಕೊಟ್ಟರು. "ಗಟಾರ ಬರೂವರೆಗೆ ನಿಲ್ಲು ಮಾರಾಯ, ಆಮೇಲೆ ಬೇಕಾದರೆ ಬೀಳು" ಎಂದು ಗೋಡೆಗೆ ಹೇಳಿದರು. ನಿಮ್ಮ ಅಮ್ಮ ಆಗ ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ಸೇರಿದ್ದಳು.

ಎರಡನೇ ಸಲ ಅಳೆಯಲು ಹೋದದ್ದು ದೀಪಾವಳಿ ಕಳೆದ ಮೇಲೆ. ಒಳ್ಳೆ ಬಿಸಿಲು. ಸಾಹೇಬರು ಈ ಸಲ ಕೊಡೆಯಿಲ್ಲದೆ, ಹಳೇ ಫಾರಮು ಹಿಡಿದು, ಮನೆಯ ಅಂಗಳಕ್ಕೇ ಬಂದು ನಿಂತರು. ಮೊದಲ ಮನೆಯ ಹೆಂಗಸು ಜಗಲಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು.

"ಇಲ್ಲಿ ಮುಂದ ಒಂದು ಖೋಲಿ ಇತ್ತಲ್ಲ?" ಸಾಹೇಬರು ಫಾರಮು ನೋಡಿದರು, ಜಗಲಿ ನೋಡಿದರು.

"ಯಾವ ಕೋಣೆ ಸಾಹೇಬ್ರೆ?"

"ಹನ್ನೆರಡು ಫೂಟು, ಏಳು ಫೂಟು. ಮುಚ್ಚಿದ ಖೋಲಿ. ನಿಮ್ಮ ಸಹಿ ಐತಿ."

"ಓ ಅದಾ? ಕಿತ್ತು ಹಾಕಿದೆವಲ್ಲ, ಹಬ್ಬಕ್ಕೆ ಮುಂಚೆ."

"ಕಿತ್ತು ಹಾಕಿದ್ರಿ? ಯಾಕ? ಎಲ್ಲೈತಿ ಅದು?"

"ಬಚ್ಚಲ ಒಲೆಗೆ ಹಾಕಿದೆ."

ಸಾಹೇಬರು ಅವಳ ಮುಖವನ್ನೇ ನೋಡಿದರು. "ಖೋಲಿ ಒಲಿಗೆ ಹಾಕಿದ್ರಿ?"

"ಎಲ್ಲ ಒಂದೇ ಸಲ ಅಲ್ರಾ" ಎಂದಳು ಅವಳು, ತನ್ನನ್ನು ದುಂದುಗಾರ್ತಿ ಎಂದುಕೊಂಡಾರು ಎಂಬಂತೆ. "ದಿನಾ ಸ್ವಲ್ಪ ಸ್ವಲ್ಪ. ಇನ್ನೂ ಅರ್ಧ ಅದೆ, ಬೇಕಾದರೆ ಹಿತ್ತಲಲ್ಲಿ ತೋರಿಸ್ತೆ."

ಟೇಪಿನ ತುದಿ ನನ್ನ ಕೈಯಲ್ಲಿತ್ತು. ಬಿಸಿಲು ಜಗಲಿಯ ಒಳಗಿನ ಗೋಡೆಯವರೆಗೂ ಬಿದ್ದಿತ್ತು. ಆಗ ನನಗೆ ತಿಳಿಯಿತು. ಎಲ್ಲವೂ ಒಮ್ಮೆಗೇ ತಿಳಿಯಿತು. ಟೇಪು ಹಿಡಿದ ಕೈಯನ್ನು ನಾನೇ ದೂರದಿಂದ ನೋಡುತ್ತಿದ್ದ ಹಾಗಿತ್ತು. ಘರಪಟ್ಟಿ ತಪ್ಪಿಸಲು ಜನ ಕೋಣೆ ಕಿತ್ತಿದ್ದಾರೆ ಎಂದುಕೊಂಡರು ಸಾಹೇಬರು. ಎರಡನೇ ಮನೆಯಲ್ಲೂ ಗದರಿದರು, ಮೂರನೇ ಮನೆಯಲ್ಲೂ ಗದರಿದರು. ಹೆಂಗಸರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಮಾತು ಹೊರಡಲಿಲ್ಲ. ಓಣಿಯ ಎಲ್ಲ ಮನೆ ಮುಗಿಯುವವರೆಗೂ ಹೊರಡಲಿಲ್ಲ. ಅದನ್ನು ನೀವು ತಿಳಿದಿರಬೇಕು. ನನ್ನ ತಪ್ಪು ಎರಡು. ಮೊದಲನೆಯದು ತಿಳಿಯದೆ ಆದದ್ದು. ಎರಡನೆಯದು ಅಂದು ಮಧ್ಯಾಹ್ನದವರೆಗೆ ನಾನು ಸುಮ್ಮನಿದ್ದದ್ದು, ಬೇರೆಯವರು ಬೈಸಿಕೊಳ್ಳುತ್ತಿದ್ದಾಗ.

ವಾಪಸು ಬರುವಾಗ ಸಾಹೇಬರು ಓಣಿಯ ಬಾಯಲ್ಲಿ ಅಂಗಡಿಯ ಎದುರು ಸೋಡಾ ಕುಡಿಯಲು ನಿಂತರು. ಕೂಡಿಸಿ ಕಳೆದು ನೋಡಿ, "ಓಣಿ ಸಣ್ಣದಾಗೇತಿ" ಎಂದರು. ಮೇಲಿನ ಕೋಣೆ, ಅಂಗಡಿ ಎಲ್ಲ ಸೇರಿದರೂ ಮೊಳೆ ಹೊಡೆದ ಅಂಕಿ ಮುಟ್ಟುತ್ತಿರಲಿಲ್ಲ. ಏರಿಕೆ ಇಲ್ಲ. ಏರಿಕೆ ಇಲ್ಲದಿದ್ದರೆ ಉಳಿದರ್ಧ ಗಟಾರವೂ ಇಲ್ಲ.

"ಸಾಹೇಬ್ರೆ, ಯಾರೂ ಕೋಣೆ ಕಿತ್ತಿಲ್ಲ. ಅದು ಮಡಲಿನದು" ಎಂದೆ.

"ಏನದು?"

"ತೆಂಗಿನ ಸೋಗೆಯದು. ಮಳೆಗಾಲಕ್ಕೆ ಜಗಲಿಗೆ ಕಟ್ಟೂದು. ಮಳೆ ಹೋದ ಮೇಲೆ ಬಿಚ್ಚೂದು. ನಾನೇ ಕೋಣೆ ಅಂತ ಹೇಳಿದ್ದು."

"ಎಷ್ಟು ಮನಿ?"

"ಎಲ್ಲ ಮನೆ."

ಸೋಡಾ ಬಾಟಲಿಯನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಕೆಲಸ ಹೋಗುತ್ತದೆ ಎಂದೂ ಗೊತ್ತಿತ್ತು, ನನ್ನದು ಇನ್ನೂ ಖಾಯಂ ಆಗಿರಲಿಲ್ಲ. ಅವರು ಫಾರಮು ಮಡಚಿ, "ನಮ್ಮ ಕಡೆ ಮಳಿ ಬಂದ್ರ ಮಂದಿ ಹೊರಗ ಬಂದು ನಿಂದರ್ತಾರವಾ. ಮಳಿಗೆ ಗ್ವಾಡಿ ಕಟ್ತಾರಂತ ನನಗೇನು ಗೊತ್ತು?" ಎಂದರು. ಆಮೇಲೆ, "ಸಹಿ ನಂದೈತಿ. ನೀ ಸುಮ್ನಿರು" ಎಂದರು.

ಅವರು ತಮ್ಮ ಹೆಸರಿನಲ್ಲೇ ತಿದ್ದುಪಡಿಗೆ ಅರ್ಜಿ ಬರೆದರು. ನನ್ನ ಸುದ್ದಿ ಅದರಲ್ಲಿ ಇರಲಿಲ್ಲ. ಒಂದೂವರೆ ತಿಂಗಳಿಗೆ ಉತ್ತರ ಬಂತು. ಮೊದಲ ವರ್ಷದ ಅಂಕಿಯನ್ನು ನೋಡಿಯೇ ಸಾಲ ಕೊಟ್ಟದ್ದು, ಅದನ್ನು ಆಮೇಲೆ ಕೆಳಗಿಳಿಸುವುದಕ್ಕೆ ಆಗುವುದಿಲ್ಲ, ಹಾಗೆ ಇಳಿಸತೊಡಗಿದರೆ ಎಲ್ಲ ಕಡೆ ಸುಳ್ಳು ಏರಿಕೆ ತೋರಿಸುತ್ತಾರೆ ಎಂದು. ಓದಿದಾಗ ನನಗೂ ಅದು ಸರಿ ಅನಿಸಿತು. ತೆಂಗಿನ ಕಾಯಿಯ ಲೆಕ್ಕವನ್ನು ನಾನೇ ಹೇಳಿದ್ದೆನಲ್ಲ. ಮೊದಲು ಎಣಿಸಿದವಳು ತಪ್ಪು ಎಣಿಸಿದರೆ ಮರ ಏನು ಮಾಡಬೇಕು?

ಅಂದು ಸಂಜೆ ಬಾಯಿಗೆ ಹೇಳಿದೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರು. ನಾನು ಕೆಳಗೆ ನಿಂತೇ ಹೇಳಿದೆ. ಎಲ್ಲವನ್ನೂ ಒಂದೇ ಉಸಿರಿಗೆ, ಫಾರಮು ಓದುವ ಹಾಗೆ. ಗಟಾರ ಬರುವುದಿಲ್ಲ, ಅದಕ್ಕೆ ನಾನು ಕಾರಣ ಎಂದೆ.

ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಊರಲ್ಲಿ ಅದಕ್ಕೆ ಕೋಣೆ ಅಂತಾರೆ?"

"ಹೌದು ಬಾಯಿ."

"ನಾವೂ ಹಾಗೇ ಅಂತೇವೆ." ನೂಲನ್ನು ಹಲ್ಲಿನಿಂದ ಕತ್ತರಿಸಿದರು. "ಒಂದು ಗೇಣೂ ಬಿಡಬೇಡ ಅಂದವಳು ನಾನು. ಮೇಲೆ ಬಂದು ಕೂತ್ಕೊ ಗೋ. ನಿಂತರೆ ಗಟಾರ ಬರ್ತದಾ?"

ಕೂತೆ. ದೀಪ ಹಚ್ಚುವ ಹೊತ್ತಾಯಿತು ಎಂದು ಅವರು ಎದ್ದರು.

ಮಳೆ ಬರುವ ಮುಂಚೆ ಬಾಯಿ ಜಾಗ ಕೊಟ್ಟುಬಿಟ್ಟರು. ಕೊಂಡವನು ಮೂರು ಮಾಳಿಗೆ ಕಟ್ಟಿ, ಅದರಲ್ಲೊಂದು ಮನೆ ಅವರಿಗೇ ಕೊಡುವುದು ಎಂದು ಮಾತಾಯಿತು. ಕಟ್ಟುವ ತನಕ ಅವರು ತಂಗಿಯ ಮನೆಯಲ್ಲಿದ್ದರು. ನಾವು ಅವರ್ಸಾಕ್ಕೆ ಹೋದೆವು. ಸಾಮಾನು ಒಂದು ಟೆಂಪೋ ತುಂಬಲಿಲ್ಲ. ಸೈಕಲನ್ನು ಮೇಲೆ ಕಟ್ಟಿದರು. ನಿಮ್ಮ ಅಮ್ಮ ಕೋಣೆಯ ಹಗ್ಗ ಬಿಚ್ಚಿ ಸುತ್ತಿ ಚೀಲದಲ್ಲಿ ಹಾಕಿಕೊಂಡಳು. ಪುಸ್ತಕ ಒಣಗಿಸುತ್ತಿದ್ದ ಹಗ್ಗ. ನನ್ನ ತಪ್ಪಿನ ವಿಷಯ ಅವಳಿಗೆ ಹೇಳಿದ್ದೆ. "ಬಸ್ಸಿಗೆ ಹೋಗ್ತೆ ಆಯಿ, ನೀನೂ ದಿನಾ ಹೋಗೂದೇ ಅಲ್ವಾ?" ಎಂದಳು, ಅಷ್ಟೇ. ಅವಳ ಪಿಯುಸಿ ಮುಗಿಯುವ ತನಕ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಬಸ್ಸಿನಲ್ಲಿ ಬಂದೆವು. ಸೀಟು ಸಿಕ್ಕರೆ ಅವಳನ್ನು ಕೂರಿಸಿ ನಾನು ನಿಲ್ಲುತ್ತಿದ್ದೆ. ಅವಳು ಓದುತ್ತಿದ್ದಳು. ಬೆಳಿಗ್ಗೆ ಬೇಗ ಏಳಬೇಕಾಯಿತು, ಮಳೆಗಾಲದಲ್ಲಿ ಬಸ್ಸು ತಪ್ಪಿದ ದಿನ ಕಾಲೇಜೂ ತಪ್ಪಿತು. ಆದರೆ ಬಿಡಲಿಲ್ಲ. ಪಿಯುಸಿ ಎರಡನೇ ವರ್ಷ ಒಂದು ವಿಷಯ ಹೋಯಿತು, ಅಕ್ಟೋಬರಿನಲ್ಲಿ ಕಟ್ಟಿ ಪಾಸಾದಳು. ಕೋಣೆ ಇದ್ದಿದ್ದರೆ ಹೋಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಅವಳು ಹಾಗೆ ಹೇಳಿಲ್ಲ.

ಕಟ್ಟಡ ಎದ್ದಿತು. ಕೈಗಾಕ್ಕೆ ಹೋಗುವ ನೌಕರರು ಅಲ್ಲಿ ಬಾಡಿಗೆಗೆ ಬಂದರು. ಬೆಳಿಗ್ಗೆ ಕಂಪನಿಯ ಬಸ್ಸು ಓಣಿಯ ಬಾಯಲ್ಲೇ ನಿಲ್ಲುತ್ತಿತ್ತು, ಅದಕ್ಕೆ. ಆ ಒಂದೇ ಕಟ್ಟಡದ ಘರಪಟ್ಟಿಯಿಂದ ಓಣಿಯ ಲೆಕ್ಕ ಮೊಳೆ ಹೊಡೆದ ಅಂಕಿಯನ್ನು ದಾಟಿ ಮೇಲೆ ಹೋಯಿತು. ಏರಿಕೆ ಕಂಡಿತು. ಉಳಿದರ್ಧಕ್ಕೆ ಸಾಲ ಬಂತು. ಅಷ್ಟು ಹೊತ್ತಿಗೆ ಕಲ್ಲು ಕಟ್ಟುವವರು ಸಿಗದೆ ಸಿಮೆಂಟಿನ ಗಟಾರ ಹಾಕಿದರು. ಮೂರನೇ ಮನೆಯಿಂದ ಹೊರಟು, ನಮ್ಮ ನಾಲ್ಕು ಕೋಣೆ ಇದ್ದ ಜಾಗದ ಎದುರಿನಿಂದ ಹಾದು, ಹಳ್ಳಕ್ಕೆ ಸೇರಿತು. ಈಗ ಅಲ್ಲಿ ನೀರು ನಿಲ್ಲುವುದಿಲ್ಲ.

ಸಾಹೇಬರಿಗೆ ವರ್ಗವಾಗಿತ್ತು. ಹೋಗುವ ಮುಂಚೆ ಒಂದು ದಿನ ಓಣಿ ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಸಿಮೆಂಟಿನ ಮೇಲೆ ಚಪ್ಪಲಿ ಕುಟ್ಟಿ ನೋಡಿದರು. "ಸ್ಕೀಮು ಹೇಳಿದಂಗ ಆತು ನೋಡವಾ. ಬೆಳೀತು, ಗಟಾರ ಬಂತು" ಎಂದರು. ನಾನು ಹೌದು ಎಂದೆ. ಹೇಳಿದಂತೆಯೇ ಆಗಿತ್ತು. ಗಟಾರ ಯಾರ ಬಾಗಿಲಿಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆ ಮುಂದಿನ ಮಳೆಗಾಲ ಬಾಯಿ ಕಚೇರಿಗೆ ಹೇಳಿ ಕಳಿಸಿದರು, ಬರುವಾಗ ಅವರ್ಸಾದಿಂದ ಹೆಣೆದ ಮಡಲು ತಾ ಎಂದು. ಅವರ ಮನೆ ಮೊದಲ ಮಾಳಿಗೆಯಲ್ಲಿ. ಪಡುವಣ ದಿಕ್ಕಿಗೆ ಒಂದು ಬಾಲ್ಕನಿ. ಇರಚಲು ನೇರ ಒಳಗೆ ಹೊಡೆಯುತ್ತದೆ. ಓರಗಿತ್ತಿ ಹೆಣೆದು ಕೊಟ್ಟರು. ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಬಾಯಿ ಮತ್ತು ನಾನು ಸೇರಿ ಕಬ್ಬಿಣದ ಸರಳಿಗೆ ಹಗ್ಗ ಬಿಗಿದೆವು. ಕೆಳಗಿನ ಮನೆಯವರು ತಲೆ ಹೊರಗೆ ಹಾಕಿ, ಕಟ್ಟಡದ ಚಂದ ಹಾಳಾಗುತ್ತದೆ ಎಂದರು. "ನಿಮ್ಮ ಹಾಸಿಗೆ ಒದ್ದೆ ಆದಾಗ ಚಂದ ನೋಡ್ತಾ ಕೂತ್ಕೊಳ್ಳಿ" ಎಂದರು ಬಾಯಿ. ಕಟ್ಟಿ ಮುಗಿದ ಮೇಲೆ ಒಳಗೆ ಮಬ್ಬು. ಹಸಿ ಮಡಲಿನ ವಾಸನೆ. ಹೊರಗೆ ಮಳೆ ಬೀಳುವ ಸದ್ದು ಮೆತ್ತಗಾಯಿತು. ಬಾಯಿ ಒಂದು ಚಾಪೆ ತಂದು ಹಾಸಿದರು. ನಾನು ಸ್ವಲ್ಪ ಹೊತ್ತು ಮಲಗಿದೆ. ನಿದ್ದೆ ಬಂದುಬಿಟ್ಟಿತು.

ಆ ವರ್ಷವೂ ಅಳೆಯುವ ಕೆಲಸ ಮಳೆಯಲ್ಲೇ ಬಂತು. ಈಗ ನಾನು ಒಬ್ಬಳೇ ಫಾರಮು ಹಿಡಿದು ಹೋಗುತ್ತಿದ್ದೆ, ಖಾಯಂ ಆಗಿತ್ತು. ಬಾಯಿಯ ಮನೆಯಲ್ಲಿ ಎಲ್ಲ ಅಳೆದು ಕೊನೆಗೆ ಬಾಲ್ಕನಿಗೆ ಬಂದೆ. ಅವರು ಆಚೆ ತುದಿ ಹಿಡಿದು ನಿಂತರು. ಮಡಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರೊಳಗೆ ಸೌದೆ ಇರಲಿಲ್ಲ, ಗ್ಯಾಸ್ ಇತ್ತಲ್ಲ. ಹಗ್ಗದ ಮೇಲೆ ಅವರ ಸೀರೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ.

"ಬರಿ ಗೋ, ಕೋಣೆ ಅಂತ ಬರಿ. ನನ್ನದೂ ಮನೆ ದೊಡ್ಡದಾಗಲಿ" ಎಂದರು. ನನ್ನನ್ನು ಕೆಣಕಲು.

ನಾನು ತೆರೆದ ಜಗಲಿ ಎಂದು ಬರೆದೆ. ಅವರು ಬಗ್ಗಿ ಓದಿದರು. ಕನ್ನಡ ಅಕ್ಷರ ಅವರಿಗೆ ಕೂಡಿಸಿ ಕೂಡಿಸಿ ಓದಬೇಕು, ಅದಕ್ಕೆ ಹೊತ್ತು ಹಿಡಿಯಿತು. ಓದಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.